ಇಪ್ಪತ್ತಮೂರನೇ ಪ್ರಶ್ನೆ

ಕಲಾಚದ ಬಾವಿಯ ಪಕ್ಕ, ಏಳು ಗಂಟೆಗೇ ಕಾದ ಕಲ್ಲಿನ ಮೇಲೆ
ಫಾರಮ್ಮು ಹರಡಿಕೊಂಡು ಕೂತಿದ್ದೇನೆ.
ಗಾಳಿಗೆ ಹಾರದ ಹಾಗೆ ಮೂಲೆಗೊಂದು ಒಂಟೆಯ ಹಿಕ್ಕೆ.

ಎದುರಿಗೆ ಗಾಲ್ಗಲೊ ದುಬಾ. ವಯಸ್ಸು?
'ಈ ಬಾವಿ ಬತ್ತಿದ ವರ್ಷ ನನ್ನ ಹಾಲುಹಲ್ಲು ಬಿತ್ತು.'
ಅರವತ್ತು ಅಂತ ಬರೆದುಕೊಂಡೆ.

ಹದಿನೈದು ದಿನದಲ್ಲಿ ಒಂಟೆಯ ಸಂಪರ್ಕ ಆಗಿದೆಯೆ?
ಹೌದು. ಇಲ್ಲ. ಗೊತ್ತಿಲ್ಲ.
'ಆಗದ ದಿನ ಯಾವುದು ಅಂತ ಕೇಳು ಮಗಳೆ,
ಯೋಚಿಸಿ ಹೇಳ್ತೀನಿ' ಅಂದು ನಕ್ಕ.
ಆ ನಗುವಿಗೆ ಫಾರಮ್ಮಿನಲ್ಲಿ ಚೌಕ ಇಲ್ಲ.

ಹಾಲು ಕಾಯಿಸಿ ಕುಡಿಯುತ್ತೀರಾ?
'ಕಾಯಿಸಿದರೆ ಅದು ಹಾಲೇನು?'
ಗುಡಿಸಲೊಳಗಿಂದ ಹೆಂಡತಿ ಕಬಲೆಯ ದನಿ.
ಬೇರು ಹೆಣೆದ ಗಿಂಡಿಗೆ ಕೆಂಡದ ಹೊಗೆ ಹಿಡಿಯುತ್ತಿದ್ದಾಳೆ,
ಕೆಮ್ಮುತ್ತಿದ್ದಾಳೆ, ಹೊಗೆಗೋ ಏನೋ.

ಇಪ್ಪತ್ತಮೂರು: ಒಂಟೆಯ ಮೂಗು, ಸಿಂಬಳ, ಉಸಿರು ತಾಕಿದೆಯೆ?

ಸುಮ್ಮನಾದ. ಆಮೇಲೆ, ನನಗಲ್ಲ, ಬಾವಿಗೆ ಹೇಳುವವನಂತೆ:
'ಹೋದ ಮಳೆಯಲ್ಲಿ ಹುಟ್ಟಿತು. ನಡುರಾತ್ರಿ. ಉಸಿರಿಲ್ಲ.
ಮೂಗಿಗೆ ಬಾಯಿ ಕೊಟ್ಟು ಹೀರಿ ಉಗಿದೆ, ಊದಿದೆ,
ಇನ್ನೊಮ್ಮೆ ಊದಿದೆ, ಬೈದೆ, ಅತ್ತೆ, ಊದಿದೆ.
ನನ್ನ ಮುಖಕ್ಕೇ ಸೀನಿ ಎದ್ದಿತು ಹಾಳಾದ್ದು.
ಅದೀ ಅಂತ ಹೆಸರು. ಬಿಳಿಯವಳು.
ಆರು ತಿಂಗಳಿಗೆ ಅದಕ್ಕೆ ನೆಗಡಿ, ಹೆಗಲ ಮೇಲೆ ತಲೆಯಿಟ್ಟು
ನಿಂತೇ ಇರ್ತಿತ್ತು. ನಾಲ್ಕು ರಾತ್ರಿ ನಾನೂ ಕೆಮ್ಮಿದೆ.'

ಕೊಟ್ಟ ಉಸಿರು ಬಡ್ಡಿ ಸಮೇತ ಬಂದಿದೆ, ಅಂದುಕೊಂಡೆ.
ಹೇಳಿದ್ದು ಬೇರೆ: ಮೊನ್ನೆ ತೆಗೆದ ನಿಮ್ಮ ರಕ್ತದಲ್ಲಿ ಗುರುತು ಸಿಕ್ಕಿದೆ.
ವೈರಸ್ಸು ಹೋಗಿದೆ. ರಕ್ತ ಮಾತ್ರ ಮರೆತಿಲ್ಲ.

ಕಡಲಾಚೆಯ ಊರುಗಳಲ್ಲಿ ಇದೇ ಕಾಯಿಲೆಗೆ
ಜನ ಸತ್ತಿದ್ದಾರೆ ಅಂದೆ. ಗಂಟಲಿಗೆ ಕೊಳವೆ ಹಾಕಿಸಿಕೊಂಡು,
ಮಕ್ಕಳನ್ನು ಗಾಜಿನಾಚೆ ನಿಲ್ಲಿಸಿಕೊಂಡು.
ಮೊಯಾಲೆಯ ದಾರಿಯಲ್ಲಿ ಲಾರಿ ಹತ್ತಿದ ಒಂಟೆಗಳನ್ನು
ಅವನೂ ನೋಡಿದ್ದಾನೆ, ಹೆಡೆ ಎತ್ತಿದ ಹಾಗೆ ಕತ್ತು,
ತಿರುತಿರುಗಿ ಹಿಂದಕ್ಕೇ ನೋಡುವ ಕಣ್ಣು.

'ಸತ್ತವರು ಒಂಟೆ ಸಾಕಿದವರಾ?'
ಕೆಲವರು.
'ಅವುಗಳ ಹೆಸರೇನು?'
ಪುಟ ತಿರುಗಿಸಿದೆ. ಹಿಂದೆಯೂ ತಿರುಗಿಸಿದೆ.

ಕರು ತಂದರು. ಹತ್ತಿಯ ಕಡ್ಡಿ ಮೂಗಿನೊಳಗೆ ಹೋದದ್ದೇ
ಸೀನಿತು, ಮೈಯೆಲ್ಲ ಅದುರಿಸಿಕೊಂಡು.
ಮಾಸ್ಕು ಹಾಕಿದ್ದ ನಾವು ಮೂವರೂ ಹಿಂದಕ್ಕೆ ಹಾರಿದೆವು.
ಅವನು ಅಲ್ಲೇ ನಿಂತು ಬರಿಗೈಯಲ್ಲಿ ಅದರ ಮೂಗು ಒರೆಸಿದ,
ಒಂದು ಹೊಳ್ಳೆ, ಇನ್ನೊಂದು ಹೊಳ್ಳೆ.

ಆಮೇಲೆ, ಹೊರಟ ಅತಿಥಿಗೆ ಕೊಡಬೇಕಾದ್ದೆಂದು,
ಅದೇ ಕೈ ನನ್ನತ್ತ ಚಾಚಿದ.
ಬಿಸಿಲಿಗೆ ಅಂಗೈ ಒಣಗುವವರೆಗೂ
ಚಾಚಿಕೊಂಡೇ ಇದ್ದ.