ರೆಂಡೋಸಾರಿ

ಮೊದಲ ವಿಡಿಯೋದಲ್ಲಿ ನನ್ನ ದನಿ
ಜಾರಿನ ತಳಕ್ಕೆ ಅಂಟಿದ ಚಟ್ನಿ,
ಎಷ್ಟು ತಟ್ಟಿದರೂ ಹೊರಗೆ ಬರಲಿಲ್ಲ.
ಹನ್ನೊಂದು ಸಲ ನೋಡಿದ್ದಾರೆ ಅಂತಿತ್ತು ಫೋನು.
ಅದರಲ್ಲಿ ಏಳು ಸಲ ನಾನೇ.

ಕೋಲಾರದ ಕ್ಲಾಕ್ ಟವರ್ ಹಿಂದಿನ ಸಂದಿಯಲ್ಲಿ
ಆರಡಿ ಎಂಟಡಿ ಅಂಗಡಿ,
ಸತ್ತ ಮಿಕ್ಸಿಗಳ ಸಾಲು, ಸುಟ್ಟ ಕಾಯಿಲಿನ ವಾಸನೆ.
ಕೈಗೆ ಎಲ್ಲ ಗೊತ್ತು. ಕರೆಂಟು ಹೋದರೂ
ಕತ್ತಲಲ್ಲೇ ಬಿಚ್ಚಿ ಕತ್ತಲಲ್ಲೇ ಜೋಡಿಸಬಲ್ಲೆ.
ಮೊಬೈಲಿನ ಆ ಕರಿಗಣ್ಣು ತೆರೆಯಿತೋ,
‘ಎಲ್ಲರಿಗೂ ನಮಸ್ಕಾರ, ನಾನು ಅಮರಾವತಿ’ ಅನ್ನುವಷ್ಟರಲ್ಲಿ
ನಾಲಿಗೆಯ ಸ್ಕ್ರೂ ಕಳಚಿ
ಬೆಂಚಿನಡಿ ಎಲ್ಲೋ ಉರುಳಿಹೋಗುತ್ತಿತ್ತು.

ಎದುರು ಮನೆಯ ಪಿಳ್ಳಪ್ಪನವರು
ಮೂವತ್ತೊಂದು ವರ್ಷ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗಿದವರು.
ಬಾಕ್ಸುಗಳ ನಡುವೆ ನಿಂತು ಒಮ್ಮೆ ಕೂಗಿದರೆ
ಲಾರಿಯಡಿ ಮಲಗಿದ ಡೆಲ್ಲಿ ಡ್ರೈವರು,
ಕನ್ನಡ ಬಾರದವನು, ತೆಲುಗೂ ಬಾರದವನು,
ರೇಟು ತಿಳಿದುಕೊಂಡೇ ಏಳುತ್ತಿದ್ದನಂತೆ.
ಈಗ ಗಂಟಲಲ್ಲಿ ಗಂಟು.
ಆರು ತಿಂಗಳು ಪಿಸುಮಾತೂ ಕೂಡದೆಂದಿದ್ದಾರೆ ಡಾಕ್ಟರು.

ಅಂಥವರು ಒಂದು ಸಂಜೆ ಸ್ಟೂಲೆಳೆದು ಕೂತು
ನನ್ನ ವಿಡಿಯೋ ಪೂರ್ತಿ ನೋಡಿದರು.
ಹಳೇ ಮಂಡಿ ಚೀಟಿಯ ಬೆನ್ನಿಗೆ ಬರೆದರು:
ಯಾರಿಗಮ್ಮಾ ಹೇಳ್ತಿದ್ದೀಯ?

ಎಲ್ಲರಿಗೂ, ಅಂದೆ.

ಇನ್ನೊಂದು ಚೀಟಿ:
‘ಎಲ್ಲರೂ’ ಅನ್ನೋನು ಒಂದು ದಿನಾನೂ ಮಾಲು ತಗೊಂಡಿಲ್ಲ.
ಹಿಂದುಗಡೆ ಒಬ್ಬ ನಿಂತಿರ್ತಾನೆ, ಬೀಡಿ ಹಚ್ಚಿಕೊಂಡು,
ಬೇಕೋ ಬೇಡವೋ ಅಂತ. ಅವನಿಗೆ ಕೂಗು.

ನನಗೆ ವೇಮಗಲ್ಲಿನ ಅತ್ತಿಗೆ ನೆನಪಾದಳು.
ಮನೆ ತುಂಬ ನೆಂಟರು, ಅರ್ಧ ಅರೆದ ಉದ್ದಿನಹಿಟ್ಟು, ನಿಂತ ಮಿಕ್ಸಿ.
ನಮಸ್ಕಾರ ಬಿಟ್ಟೆ. ‘ಅತ್ತಿಗೇ, ಮೊದಲು ಪ್ಲಗ್ ಕೀಳು’ ಅಂದೆ.
ದನಿ ಬಂತು. ನನ್ನದೇ, ಮನೆಯದು.

ಆಮೇಲಿನ ಪಾಠವೆಲ್ಲ ಮೂಕಪಾಠ.
ತುಂಬಿದ ಬಾಕ್ಸು ಎತ್ತಿಸಿ ಮಾತಾಡಿಸಿದರು,
ಹೊಟ್ಟೆಯ ಮೇಲೆ ತಮ್ಮ ಕೈಯಿಟ್ಟು ತೋರಿಸಿದರು: ಇಲ್ಲಿಂದ.
ಸಾಲಿನ ಕೊನೆ ನುಂಗಿದರೆ ಬೆಂಚಿನ ಮೇಲೆ ನಾಣ್ಯ ಟಕ್.
‘ಬಂದ್ಬಿಟ್ಟು’ ಅಂದಾಗಲೆಲ್ಲ
ಬುಟ್ಟಿಗೊಂದು ಟೊಮೆಟೊ.
ಮೊದಲ ದಿನ ಎರಡೂವರೆ ಕೆಜಿ ಆಯಿತು.
ಗೊಜ್ಜು ಮಾಡಿ ಅವರ ಮನೆಗೂ ಕೊಟ್ಟೆ.

ಒಂದು ಪಾಠ ಮಾತ್ರ ತಡವಾಗಿ ತಿಳಿಯಿತು.
ಎದ್ದು ನಿಂತರು. ಒಂದು ಬೆರಳೆತ್ತಿದರು.
ತುಟಿ ಮಾತ್ರ ಅಲುಗಿತು: ಒಕಟೋಸಾರಿ.
ಎರಡನೇ ಬೆರಳು. ರೆಂಡೋಸಾರಿ.
ಮೂರನೆಯದು ಏಳಲೇ ಇಲ್ಲ.
ಏನಾಯಿತು ಅಂತ ನಾನು ಮುಂದಕ್ಕೆ ಬಾಗಿದೆ,
ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗ ಕಾಲೂರಿ ನಿಂತ.
ಬಗ್ಗಿ ಬರೆದರು ಆಗ:
ರೇಟು ಏರೋದು ಇಲ್ಲಿ. ನಾನು ಕೂಗುವಾಗಲ್ಲ,
ಬಾಯಿ ಮುಚ್ಚಿಕೊಂಡಾಗ.

ಮಾರನೇ ವಿಡಿಯೋದಲ್ಲಿ
ಸವೆದ ಕಾರ್ಬನ್ ಬ್ರಶ್ಶು ಹೊರತೆಗೆದೆ, ಕಡ್ಲೆಕಾಳಿನಷ್ಟು.
ಇದೇ ರೋಗ ಅನ್ನಬೇಕು.
ಅನ್ನಲಿಲ್ಲ. ಬೆಳಕಿಗೆ ಹಿಡಿದೆ.
ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು,
ಹಿಂದೆ ಯಾರದೋ ಕುಕ್ಕರು ಕೂಗಿತು.
ಆಮೇಲೆ ಅಂದೆ.

ಲಕ್ಷವೇನೂ ನೋಡಲಿಲ್ಲ. ನಾಲ್ಕು ಸಾವಿರ ಚಿಲ್ಲರೆ.
ಮಾಲೂರಿನಿಂದ ಒಬ್ಬಾಕೆ ಫೋನು ಮಾಡಿದಳು:
‘ನೀವು ಸುಮ್ಮನಾದ್ರಲ್ಲಕ್ಕಾ, ನೆಟ್ಟೇ ಹೋಯ್ತೇನೋ ಅಂದ್ಕೊಂಡೆ.
ಅಷ್ಟರಲ್ಲಿ ನಮ್ಮ ಮಿಕ್ಸೀನೇ ಬಿಚ್ಚಿ ನೋಡ್ಬಿಟ್ಟೆ.’

ಮೊನ್ನೆಗೆ ಆರು ತಿಂಗಳು ತುಂಬಿತು.
ಆಸ್ಪತ್ರೆಯಿಂದ ನೇರ ಅಂಗಡಿಗೇ ಬಂದರು ಪಿಳ್ಳಪ್ಪನವರು,
ಸ್ಟೂಲೆಳೆದು ಕೂತರು, ಬಾಯೊರೆಸಿಕೊಂಡರು.
ಮಾತಾಡಬಹುದಂತಾ? ಅಂದೆ.

ಒಂದು ಬೆರಳು.
ಎರಡು.

ಸ್ಕ್ರೂಡ್ರೈವರ್ ಕೆಳಗಿಟ್ಟು
ಬಾಗಿ ಕೂತೆ.