ಮುಳ್ಳು

ಮಂಡಿಪೇಟೆಯ ಗುಜರಿಯಲ್ಲಿ ಜಬೀವುಲ್ಲಾ
ಹಿತ್ತಾಳೆ ನಲ್ಲಿಗಳ ಕೆಳಗಿಂದ ಎಳೆದು ಕೊಟ್ಟದ್ದು.
ಕ್ಯಾತಸಂದ್ರದ ತಟ್ಟೆ ಇಡ್ಲಿ ಎರಡು ಹಿಡಿಸುವಷ್ಟು ಅಗಲ.
ರಟ್ಟಿನ ಮೇಲೆ ಮುಖವಿಲ್ಲ, ಒಂದು ನೀಲಿ ಗೆರೆ,
ಆಸ್ಪತ್ರೆಯ ಪರದೆಯಲ್ಲಿ ಓಡುವಂಥದ್ದು.
"ಹಾಡಿಲ್ಲ ಸಾರ್ ಇದರಲ್ಲಿ, ಬರೀ ಕರೆಂಟು."
ನಲವತ್ತು ರೂಪಾಯಿ.

ಮುಳ್ಳಿಟ್ಟೆ. ಮೊದಲು ಸಾಸಿವೆ ಸಿಡಿಯಿತು,
ಆಮೇಲೆ ಎಲ್ಲಿಂದಲೋ ಒಂದು ಸ್ವರ
ಉಸಿರೇ ತೆಗೆದುಕೊಳ್ಳದೆ ಬಂದು
ಕೋಣೆಯ ಮೂಲೆಮೂಲೆ ಅಳೆದು ನಿಂತಿತು.
ಊದುವವರಿಲ್ಲ, ಮೀಟುವವರಿಲ್ಲ,
ತಾಳವಿದೆ, ತೊಡೆ ತಟ್ಟುವ ಕೈಯಿಲ್ಲ.

ಅವರೆಕಾಯಿಯ ಮೊರದ ಸಮೇತ
ಒಳಗಿಂದ ಬಂದಳು ವಾರಿಜತ್ತೆ.
ನಿಂತು ಕೇಳಿ ಅಂದಳು:
"ನಿಧಾನ ಓಡ್ತಾ ಇದೆ.
ಸೆಕೆಂಡು ಇಷ್ಟುದ್ದ ಇರಲ್ಲ ಕಣೋ."

ಇಪ್ಪತ್ತೆಂಟು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಕಣ್ಣಿಗೆ ಮಸೂರ ಕಚ್ಚಿಸಿಕೊಂಡು
ಸೆಕೆಂಡಿನ ಮುಳ್ಳು ಕೂರಿಸಿದವಳು.
ಸೀನಿದರೆ ಹಾರಿಹೋಗುವಂಥ ಮುಳ್ಳು.
ಸೀನು ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಬೇಕು:
ನನಗೆ ಅವಳು ಕಲಿಸಿದ ಒಂದೇ ವಿದ್ಯೆ.

ನೂರು ಸುತ್ತಿಗೆ ಮೂರು ನಿಮಿಷ, ಲೆಕ್ಕ ಅದು, ಎಂದೆ.
ನಡುವಿನ ಕಾಗದಕ್ಕೆ ಸುಣ್ಣದ ಚುಕ್ಕೆಯಿಟ್ಟು
ತುಟಿ ಅಲ್ಲಾಡದೆ ನೂರೂ ಎಣಿಸಿದಳು.
ನಾಲ್ಕು ಸೆಕೆಂಡು ಹೆಚ್ಚು.
ಪೌಡರ್ ಡಬ್ಬಿಯಿಂದ ಸಣ್ಣ ತಿರುಪುಳಿ ತೆಗೆದು
ತಳದ ತಿರುಪಿಗೆ ಒಂದು ಕೂದಲೆಳೆಯಷ್ಟು.
ಮತ್ತೆ ಎಣಿಸಿದಳು.
ಮತ್ತೆ ಒಂದು ಕೂದಲೆಳೆ.

ಈಗ ಸ್ವರ ಚೂರು ಮೇಲೇರಿತ್ತು,
ಒದ್ದೆ ಬಟ್ಟೆ ಒಣಗಿ ಹಗುರಾದ ಹಾಗೆ.
ಅತ್ತೆ ಕೂತಳು. ಕೇಳದೆಯೇ ಹೇಳತೊಡಗಿದಳು:

"ಸಂಜೆ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ
ಟ್ರೇಗಳಲ್ಲಿ ಸಾವಿರ ವಾಚು, ಇನ್ನೂ ಹೊಂದಿಸದವು,
ಒಂದೊಂದಕ್ಕೂ ಒಂದೊಂದು ಹೊತ್ತು.
ಒಂದಿನ ಬಾಗಿಲಲ್ಲಿ ನಿಂತು ಕೇಳಿದೆ.
ಹಾಡೇನಲ್ಲ ಅದು.
ಬಸ್ಸು ಹೋಯ್ತು.
ಮನೇಲಿ, ಓವರ್‌ಟೈಮು ಅಂದೆ."

ಮಾವ ತೀರಿಕೊಂಡು ಹನ್ನೊಂದು ವರ್ಷ.
ಆದರೂ ದನಿ ತಗ್ಗಿಸಿಯೇ ಹೇಳಿದಳು.

ಹಳೆಯ ಮಸೂರ ಹುಡುಕಿ ತಂದು
ತಟ್ಟೆಯ ಮೇಲೆ ಬಾಗಿದಳು, ಕೈ ತಾಕಿಸದೆ.
"ಗೀರು ನಡುಗುತ್ತೆ ನೋಡು ಇಲ್ಲಿ.
ಇದು ಧೂಳಲ್ಲ."
ನನಗೆ ಕಂಡದ್ದು ಬರೀ ಕಪ್ಪು.

ಸ್ವರ ಮುಗಿದು ಮುಳ್ಳು
ಒಳಗಿನ ಖಾಲಿ ಸುತ್ತಿಗೆ ಬಿತ್ತು,
ಟಕ್ ಅಂದಿತು, ಸುಮ್ಮನಾಯಿತು, ಟಕ್ ಅಂದಿತು.
ಕೈ ಚಾಚಿದೆ.
"ಇರಲಿ ಬಿಡು" ಅಂದಳು.

ಶಿರಾಗೇಟಿನ ಕಡೆ ಒಂದು ಲಾರಿ ಗೇರು ಬದಲಿಸಿತು.
ಮೊರದಲ್ಲಿ ಅರ್ಧ ಬಿಡಿಸಿದ ಅವರೆ.
ನಾನು ಹೋಗಿ ಟೀಗೆ ನೀರಿಟ್ಟೆ.