ಅಳ್ಳಾಡಬ್ಯಾಡ್ರಿ

ಮೂವತ್ತು ವರ್ಷ, ಗದಗಿನ ಟಾಂಗಾಕೂಟದ ಹಿಂದಿನ ಸ್ಟುಡಿಯೋದಾಗ
ಒಂದಽ ಮಾತು ಮಾರಿ ಉಂಡೇನಿ:
ಗದ್ದ ಎತ್ರಿ. ಅಳ್ಳಾಡಬ್ಯಾಡ್ರಿ.

ಇವತ್ತು ಬೆಟಗೇರಿ ನೇಕಾರರ ದಾಕ್ಷಾಯಣಿ
ನನ್ನ ಕಾಶ್ಮೀರದ ಪಡದಾ ಸುತ್ತಿ ಮೂಲಿಗಿಟ್ಟು
ಬರೇ ಸುಣ್ಣದ ಗ್ವಾಡಿ ಮುಂದ ನಿಂತಳು.
ನಿಂತಳೆಲ್ಲಿ?
ಮೀನಖಂಡ ಬಿಗಿದದ್ದು ಕಂಡೆ, ಗುಂಡಿ ಒತ್ತೂದರಾಗ
ಗ್ವಾಡಿ ಇತ್ತು,
ಗೆಜ್ಜಿ ಸಪ್ಪಳ ಇತ್ತು,
ಆಕಿ ಇದ್ದಿಲ್ಲ.

ತೆಗೆದದ್ದು ನೂರಾ ಹದಿನಾಲ್ಕು.
ಕೈ ಹೊಗಿ. ಜಡಿ ಒಂದು ಗೆರಿ. ಮಾರಿ ಎರಡು.
ಒಂದರಾಗ ಮಾತ್ರ ಹಿಮ್ಮಡ ನಿಚ್ಚಳ,
ಅದರ ಬಿರುಕಿನಾಗ ನನ್ನ ನೆಲದ ಧೂಳು.

"ಇದನ್ನಽ ದೊಡ್ಡದು ಮಾಡ್ರಿ" ಅಂದಳು,
ಮಂಡಿಗಿ ಕಟ್ಟಿದ ಪಟ್ಟಿ ಬಿಚ್ಚಿಕೋತ.

ಹೋಗೂಮುಂದ ನೆನಪಾಗಿ
ಪಾಸ್‌ಪೋರ್ಟ್ ಸೈಜಿಗೂ ಕುಂತಳು, ಸ್ಟೂಲಿನ ಮ್ಯಾಲೆ,
ತಾನಽ ಗದ್ದ ಎತ್ತಿ.

ಮುಂದಿನ ಮಾತು
ನನ್ನ ಬಾಯಿಗೆ ಬರಲಿಲ್ಲ.